ಲಕ್ಕಮ್ಮನ ಅಳತೆ



ಬಳ್ಳಾರಿಯ ಹೆಸರು ಇಂದು ಕೋಟೆ ಮತ್ತು ಗಣಿಗಳಿಂದ ಮಾತ್ರವಲ್ಲ, ಜೀನ್ಸ್ ಉಡುಪಿನಿಂದಲೂ ನಾಡಿಗೆ ಪರಿಚಿತವಾಗಿದೆ. ಊರಿನ ಎಷ್ಟೋ ಕುಟುಂಬಗಳಿಗೆ ಹೊಲಿಗೆಯ ಯಂತ್ರವೇ ಅನ್ನದ ದಾರಿ. ಕಂಟೋನ್ಮೆಂಟ್ ಭಾಗದ ಭಕ್ತರೊಬ್ಬರ ಮನೆಗೆ ಈಚೆಗೆ ಪ್ರಸಾದಕ್ಕೆ ಹೋಗಿದ್ದೆ. ಅವರದೂ ಇದೇ ಕಾಯಕ. ಮಗನು ಅಂಗಡಿಗೆ ಜಾಲತಾಣವೊಂದನ್ನು ಮಾಡಿಸಿದ್ದು, ಈಗ ಅದಕ್ಕೆ ಗ್ರಾಹಕರ ಲಾಗಿನ್ ಸೇರಿಸುವ ಸಿದ್ಧತೆಯಲ್ಲಿದ್ದ.

"ಗುರುಗಳೇ, ಇನ್ನು ಮುಂದೆ ಪ್ರತಿಯೊಬ್ಬ ಗ್ರಾಹಕನೂ ತನ್ನ ಗುಪ್ತಪದ ಹಾಕಿ ತನ್ನ ಲೆಕ್ಕವನ್ನು ತಾನೇ ನೋಡಬಹುದು" ಎಂದ. ಏನು ತರಿಸಿದ, ಎಷ್ಟು ಕೊಟ್ಟ, ಎಷ್ಟು ಬಾಕಿ, ಎಲ್ಲವೂ ಅಲ್ಲಿ ಕಾಣುವುದಂತೆ. ನನಗೆ ಸಂತೋಷವಾಯಿತು. ಇದುವರೆಗೆ ಖಾತೆ ಪುಸ್ತಕವು ಅಂಗಡಿಯವನ ಕೈಯಲ್ಲಿತ್ತು, ಗ್ರಾಹಕನು ನಂಬಬೇಕಾಗಿತ್ತು. ಲೆಕ್ಕವನ್ನು ಅವನ ಕಣ್ಣಮುಂದೆ ತೆರೆದಿಡುವುದು ಸತ್ಯಶುದ್ಧ ಕಾಯಕದ ಲಕ್ಷಣವೇ ಸರಿ.

ಆದರೆ ಗ್ರಾಹಕನು ಮೊದಲು ತುಂಬಬೇಕಾದ ನಮೂನೆಯನ್ನು ಅವನು ತೋರಿಸಿದಾಗ ಬೆರಗಾದೆ. ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳ ಜೊತೆಗೆ ಜನ್ಮದಿನಾಂಕ, ತಂದೆಯ ಹೆಸರು, ಮನೆಯವರ ಸಂಖ್ಯೆ, ಆಧಾರ್ ಸಂಖ್ಯೆ! "ಇವೆಲ್ಲ ಏತಕ್ಕೆ?" ಎಂದೆ. "ಇರಲಿ ಗುರುಗಳೇ, ಮುಂದೆ ಉಪಯೋಗಕ್ಕೆ ಬಂದೀತು" ಎಂದ. ಅಷ್ಟರಲ್ಲಿ ಅವನ ತಾಯಿ, "ಇಷ್ಟು ದಿನ ಖಾತೆ ಬುಕ್ಕಿನಾಗ ಹೆಸರು, ಊರು ಎರಡೇ ಬರೀತಿದ್ವಿ. ಯಾರೂ ನಮ್ಮ ದುಡ್ಡು ಮುಳುಗಿಸಲಿಲ್ಲ. ಈಗ ಯಾಕಪ್ಪ ಇಷ್ಟೆಲ್ಲ?" ಎಂದರು.

ಆ ತಾಯಿಯ ಮಾತಿನಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನ ದನಿ ಕೇಳಿಸಿತು. ರಾಯಚೂರು ಸೀಮೆಯಿಂದ ಕಲ್ಯಾಣಕ್ಕೆ ಬಂದ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದುದೂ, ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದುದೂ ಎಲ್ಲರಿಗೂ ತಿಳಿದ ಕಥೆ. ಆ ಅಕ್ಕಿ ಕದ್ದದ್ದಲ್ಲ. ಅಗತ್ಯವನ್ನು ಮೀರಿದ್ದು, ಅಷ್ಟೆ. ಅವಳಿಗೆ ಅದೇ ದೋಷವಾಗಿ ಕಂಡಿತು. ಪರರ ವಿವರವೂ ಹೀಗೆಯೇ. ಬೇಡದೆ ಕೂಡಿಟ್ಟದ್ದು ಕಳವಾದರೆ ನಷ್ಟ ಕೂಡಿಟ್ಟವನಿಗಿಂತ ಹೆಚ್ಚಾಗಿ ಕೊಟ್ಟವನಿಗೆ.

ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂಗೀಕಾರವಾದದ್ದು 2023ರ ಆಗಸ್ಟ್ ತಿಂಗಳಲ್ಲಿ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಗ್ರಾಹಕನ ಒಪ್ಪಿಗೆಯ ಮೇಲೆ ಪಡೆಯುವ ವಿವರವು ಹೇಳಿದ ಉದ್ದೇಶಕ್ಕೆ ಅಗತ್ಯವಾದಷ್ಟೇ ಇರಬೇಕೆಂಬುದು ಅದರ ಆಶಯ. ಶರಣೆಯೊಬ್ಬಳು ಅಡುಗೆಮನೆಯಲ್ಲಿ ಹಿಡಿದ ಅಳತೆಗೆ ಕಾನೂನು ಬರಲು ಎಂಟು ಶತಮಾನಗಳಿಗೂ ಹೆಚ್ಚು ಕಾಲ ಬೇಕಾಯಿತು.

ಪಡೆದುದನ್ನು ಕಾಯುವುದು ಎರಡನೆಯ ಹೊಣೆ. ಅಮೆರಿಕದ ಎಂಐಟಿ ಸಂಸ್ಥೆಯ ಗಣಕಯಂತ್ರದಲ್ಲಿ 1960ರ ದಶಕದ ಆರಂಭದಲ್ಲಿಯೇ ಗುಪ್ತಪದಗಳು ಬಳಕೆಗೆ ಬಂದವು. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧಕರು ತಮಗೆ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಯಂತ್ರ ಬಳಸಲೆಂದು ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡರು! ಪದಗಳನ್ನು ಇದ್ದ ಹಾಗೆಯೇ ಬರೆದಿಟ್ಟಿದ್ದರ ಫಲವಿದು. ಈಗ ಬಲ್ಲವರು ಹಾಗೆ ಇಡುವುದಿಲ್ಲ. ಬೀಸುವ ಕಲ್ಲಿಗೆ ಹಾಕಿದ ಜೋಳದಂತೆ ಗುಪ್ತಪದವನ್ನು ಗಣಿತದಿಂದ ಬೀಸಿ, ಆ ಹಿಟ್ಟನ್ನು ಮಾತ್ರ ಇಡುತ್ತಾರೆ. ಹಿಟ್ಟಿನಿಂದ ಕಾಳು ಮರಳಿ ಬಾರದು. ಇಬ್ಬರ ಪದ ಒಂದೇ ಆದರೂ ಹಿಟ್ಟು ಬೇರೆಯಾಗಲೆಂದು ಒಬ್ಬೊಬ್ಬರದಕ್ಕೆ ಬೇರೆ ಬೇರೆ ಬೆರಕೆ ಸೇರಿಸುತ್ತಾರೆ; ಅದಕ್ಕೆ ಉಪ್ಪು ಎಂದೇ ಹೆಸರು. ಗ್ರಾಹಕನು ಮತ್ತೆ ಬಂದಾಗ ಅವನ ಪದವನ್ನು ಹಾಗೆಯೇ ಬೀಸಿ, ಹಿಟ್ಟಿಗೆ ಹಿಟ್ಟು ಹೋಲಿಸುತ್ತಾರೆ. ಅಂಗಡಿಯ ಯಜಮಾನನಿಗೂ ಮೂಲಪದ ತಿಳಿಯದು, ತಿಳಿಯಲೂ ಕೂಡದು. "ನಿನಗೆ ಕೆಲಸ ಮಾಡಿಕೊಡುವವರನ್ನು ಇದನ್ನು ತಪ್ಪದೆ ಕೇಳು" ಎಂದೆ.

ಮೂರನೆಯದು, ಕೀಲಿಕೈ ಇಲ್ಲದವನ ಮಾತು. ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಚೀಟಿಯಲ್ಲಿ ಅಳತೆ ಬರೆದುಕೊಂಡು ಬರುವ ಹಿರಿಯ ವ್ಯಾಪಾರಿಗೆ, "ಲಾಗಿನ್ ಆಗಿ ಬನ್ನಿ" ಎಂದರೆ ಅದು ಬಾಗಿಲು ಮುಚ್ಚಿದಂತೆ. ಹೊಸ ಬಾಗಿಲು ತೆರೆಯಲಿ, ಹಳೆಯದು ಮುಚ್ಚದಿರಲಿ.

ಗ್ರಾಹಕರಾದ ನಮಗೂ ಒಂದು ಮಾತು. ಗುಪ್ತಪದವನ್ನಾಗಲಿ, ಮೊಬೈಲಿಗೆ ಬರುವ ಓಟಿಪಿಯನ್ನಾಗಲಿ ಯಾರು ಕೇಳಿದರೂ ಹೇಳಬಾರದು. ಮೋಸದಿಂದ ಹಣ ಹೋದರೆ ಸಂಕೋಚಪಟ್ಟು ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು.

ನಾನು ಹೊರಡುವ ಹೊತ್ತಿಗೆ ಆ ತರುಣನ ನಮೂನೆಯಲ್ಲಿ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಮೂರೇ ಉಳಿದಿದ್ದವು. ಹುಟ್ಟುಹಬ್ಬಕ್ಕೆ ಶುಭಾಶಯ ಕಳುಹಿಸುವ ಆಸೆಯಿಂದ ಜನ್ಮದಿನಾಂಕವನ್ನು ಅಳಿಸಲು ಮಾತ್ರ ಅವನಿಗೆ ಕೊಂಚ ಮನಸ್ಸಿರಲಿಲ್ಲ. ತಾಯಿ ಅವನ ಮುಖವನ್ನೇ ನೋಡುತ್ತ ನಿಂತಿದ್ದರು. ಅವನು ಅದನ್ನೂ ಅಳಿಸಿದ.