ಕೃತಿಯೋ? ಕರುಣಕಥೆಯೋ?

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ದೂರದೂರದಿಂದ ಜನ ಬರುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅಲ್ಲಿಯ ರೋಸರಿ ಚರ್ಚು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರೆಮುಳುಗಿ, ಬೇಸಗೆಯಲ್ಲಿ ಮತ್ತೆ ಬಯಲಾಗುತ್ತದೆ. ಬಂದವರು ಮುರಿದ ಕಮಾನುಗಳನ್ನು ಕಂಡು "ಎಂಥ ಸೊಬಗು!" ಎಂದು ಉದ್ಗರಿಸಿ, ಛಾಯಾಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಅಣೆಕಟ್ಟಿಗಾಗಿ ಊರು ತೊರೆದವರು ಯಾರು, ಅವರ ಬದುಕು ಏನಾಯಿತು ಎಂದು ಕೇಳುವವರು ವಿರಳ. ಪಾಳು ಎಲ್ಲರಿಗೂ ರಮ್ಯ. ಬಾಳು ಯಾರಿಗೂ ಬೇಡ.

ಸಾಹಿತ್ಯದ ರಸಿಕರಿಗೂ ಇದೇ ರೋಗ ಅಂಟಿದೆ. ಇಂಗ್ಲೆಂಡಿನ ಬ್ರಾಂಟೆ ಸೋದರಿಯರ ಹೆಸರನ್ನೆತ್ತಿದೊಡನೆ ವಿದ್ಯಾವಂತರು ಹೇಳುವುದೇನು? ಯಾರ್ಕ್‌ಷೈರಿನ ಹಾವರ್ತ್ ಎಂಬ ಗ್ರಾಮ; ಪಾದ್ರಿಯ ಮನೆ; ಎದುರಿಗೇ ಸ್ಮಶಾನ; ತಾಯಿಯಿಲ್ಲದ ಮಕ್ಕಳು; ಎಮಿಲಿ 1848ರಲ್ಲಿ ಮೂವತ್ತಕ್ಕೆ, ಆ್ಯನ್ 1849ರಲ್ಲಿ ಇಪ್ಪತ್ತೊಂಬತ್ತಕ್ಕೆ, ಷಾರ್ಲಟ್ 1855ರಲ್ಲಿ ಮೂವತ್ತೆಂಟಕ್ಕೆ ಕಾಲವಾದರು; ಆರು ಮಕ್ಕಳನ್ನೂ ಕಳೆದುಕೊಂಡ ತಂದೆ 1861ರವರೆಗೆ ಬದುಕಿದ್ದನು; ಅಯ್ಯೋ ಪಾಪ! ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲಿ ಪ್ರಕಟಿಸಿದ ಷಾರ್ಲಟಳ ಜೀವನಚರಿತ್ರೆಯಿಂದ ಈ ಕರುಣರಸದ ಹೊನಲು ಹರಿಯತೊಡಗಿತು, ಇಂದಿಗೂ ಬತ್ತಿಲ್ಲ. ಕಣ್ಣೀರು ತಪ್ಪಲ್ಲ. ಆದರೆ ಕಣ್ಣೀರು ಓದಿಗೆ ಅಡ್ಡವಾದರೆ ಅದು ಖಂಡಿತವಾಗಿಯೂ ತಪ್ಪು.

ಆ ಸೋದರಿಯರು ಮರುಕಕ್ಕಾಗಿ ಕಾದು ಕುಳಿತವರಲ್ಲ. ಸಾಹಿತ್ಯವು ಹೆಂಗಸಿನ ಜೀವನದ ವೃತ್ತಿಯಾಗದು, ಆಗಲೂ ಬಾರದು ಎಂದು ಆಸ್ಥಾನಕವಿ ಸದೆ 1837ರಲ್ಲಿ ಷಾರ್ಲಟಳಿಗೆ ಬರೆದನು. ಒಂಬತ್ತು ವರ್ಷಗಳ ಮೇಲೆ ಮೂವರೂ ತಮ್ಮ ಹಣವನ್ನೇ ತೆತ್ತು, ಹೆಣ್ಣೋ ಗಂಡೋ ತಿಳಿಯದಂಥ ಮೂರು ಹೆಸರುಗಳಲ್ಲಿ ಕವಿತೆಗಳನ್ನು ಅಚ್ಚು ಹಾಕಿಸಿದರು. ಮೊದಲ ವರ್ಷದಲ್ಲಿ ಬಿಕರಿಯಾದದ್ದು ಎರಡೇ ಪ್ರತಿ! ಎದೆಗುಂದದೆ 1847ರಲ್ಲಿ ಮೂವರೂ ಒಂದೊಂದು ಕಾದಂಬರಿಯನ್ನು ಲೋಕಕ್ಕೆ ಕೊಟ್ಟರು. ಸಂಜೆಯ ಹೊತ್ತು ಊಟದ ಮೇಜಿನ ಸುತ್ತ ಅಡ್ಡಾಡುತ್ತ ಒಬ್ಬರ ಬರಹವನ್ನು ಇನ್ನೊಬ್ಬರು ಕೇಳಿ, ತಿದ್ದಿ, ವಾದಿಸುತ್ತಿದ್ದರು. ಇದು ಶೋಕಗೃಹವೋ, ವಿದ್ವತ್ಸಭೆಯೋ?

ಆ್ಯನಳ ಎರಡನೆಯ ಕಾದಂಬರಿಯ ಗತಿಯನ್ನು ನೋಡಬೇಕು. ಕುಡುಕ ಗಂಡನ ಮನೆಯಿಂದ ಮಗನೊಡನೆ ಹೊರಟುಹೋದ ಹೆಂಡತಿಯ ಕಥೆ ಅದು, 1848ರಲ್ಲಿ ಹೊರಬಂದಿತು. ಮದುವೆಯಾದ ಹೆಂಗಸಿನ ಸಂಪಾದನೆಯೆಲ್ಲವೂ ಗಂಡನ ಸ್ವತ್ತೆಂದು ಆಂಗ್ಲ ಕಾನೂನು ಸಾರುತ್ತಿದ್ದ ಕಾಲ! ಆ್ಯನ್ ತೀರಿಕೊಂಡ ಮೇಲೆ ಸ್ವಂತ ಅಕ್ಕ ಷಾರ್ಲಟಳೇ, ಆ ವಸ್ತುವನ್ನು ಆರಿಸಿಕೊಂಡದ್ದು ತಪ್ಪೆಂದು ಹೇಳಿ, ಗ್ರಂಥದ ಮರುಮುದ್ರಣಕ್ಕೆ ಒಪ್ಪಲಿಲ್ಲ. ತಂಗಿಯ ನೆನಪು ಪೂಜೆಗೆ ಯೋಗ್ಯವಾಯಿತು, ತಂಗಿಯ ಮಾತು ಅಯೋಗ್ಯವಾಯಿತು. ಮರುಕವು ಮಾತನ್ನು ಮುಚ್ಚಿಹಾಕುವ ಬಗೆ ಇದು.

ನಮ್ಮ ನಾಡಿನಲ್ಲಿ ಇಂಥ ಸೋದರಿಯರು ಇರಲಿಲ್ಲವೆ? ಮಂಡ್ಯದಲ್ಲಿ 1928ರಲ್ಲಿ ಹುಟ್ಟಿದ ತ್ರಿವೇಣಿಯವರೂ ಅವರ ತಂಗಿ ಆರ್ಯಾಂಬ ಪಟ್ಟಾಭಿಯವರೂ ಕಾದಂಬರಿಕಾರ್ತಿಯರು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಅವರಿಗೆ ದೊಡ್ಡಪ್ಪ. ಕಾದಂಬರಿಕಾರ್ತಿ ವಾಣಿಯವರೂ ಅದೇ ಬಳಗದವರು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದ ತ್ರಿವೇಣಿಯವರು, ಬಾಣಂತಿಯ ಚಿತ್ತವಿಕಾರವನ್ನೂ, ಗುಣವಾಗಿ ಬಂದವಳನ್ನು ಮನೆಯೂ ಸಮಾಜವೂ ಮತ್ತೆ ಹುಚ್ಚಿಗೆ ನೂಕುವ ಕ್ರೌರ್ಯವನ್ನೂ 'ಶರಪಂಜರ'ದಲ್ಲಿ ಬರೆದರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು. ಈಗ ಯಾವ ಮನೆಯಲ್ಲಿ ಕೇಳಿದರೂ ಆ ಅಕಾಲಮರಣದ ಸುದ್ದಿ ಗೊತ್ತು, 1971ರ ಚಲಚ್ಚಿತ್ರವೂ ಗೊತ್ತು. ಪುಸ್ತಕದ ಪುಟ ತೆರೆದವರೆಷ್ಟು ಮಂದಿ?

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: "ಇದೆಲ್ಲ ಅಡಿಗೆಮನೆಯ ಸಾಹಿತ್ಯ, ವಸ್ತು ಅಲ್ಪ, ಲೋಕಾನುಭವ ಕಿರಿದು." ಉತ್ತರ ಸುಲಭ. ಹುಟ್ಟು, ಹಸಿವು, ದಾಂಪತ್ಯ, ಚಿತ್ತಭ್ರಮೆ, ಇವು ಅಲ್ಪವಾದರೆ ಮಹತ್ತಾದುದು ಯಾವುದು? ಶಾಸ್ತ್ರಪ್ರಮಾಣ ಬೇಕೆನ್ನುವವರು ರಾಜಶೇಖರನ ಕಾವ್ಯಮೀಮಾಂಸೆಯನ್ನು ನೋಡಬಹುದು. ಸಾವಿರ ವರ್ಷಗಳ ಹಿಂದೆಯೇ ಅವನು, ಕಾವ್ಯಸಂಸ್ಕಾರವು ಆತ್ಮದಲ್ಲಿರತಕ್ಕದ್ದು, ಅದಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲ ಎಂದು ನಿರ್ಣಯಿಸಿ, ತನ್ನ ಮಡದಿ ಅವಂತಿಸುಂದರಿಯ ಮತಗಳನ್ನು ಗೌರವದಿಂದ ಉದಾಹರಿಸಿದನು. ಲೋಕಪ್ರಮಾಣ ಬೇಕೆನ್ನುವವರಿಗೆ ಹಾಸನವೇ ಸಾಕ್ಷಿ: ಮುಸ್ಲಿಂ ಮನೆಗಳ ಹೆಂಗಸರ ಬಾಳನ್ನು ಕಥೆಯಾಗಿಸಿದ ಬಾನು ಮುಷ್ತಾಕರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ದೂರದ ಲಂಡನ್ನಿನ ಮುದ್ರೆ ಬೀಳುವವರೆಗೂ ನೆರೆಮನೆಯವಳ ಪುಸ್ತಕ ತೆರೆಯದಿರುವುದು ರಸಿಕತೆಯಲ್ಲ, ಆಲಸ್ಯ.

ಇನ್ನೊಂದು ಆಷಾಢಭೂತಿತನವೂ ಉಂಟು. ಸತ್ತ ಸೋದರಿಯರಿಗಾಗಿ ಕಂಬನಿ ಮಿಡಿಯುವ ಮನೆಯಲ್ಲಿಯೇ, ಮಗಳು ಬರೆಯಲು ಕುಳಿತರೆ ಪಾತ್ರೆ ಕಾದಿವೆಯೆಂದು ಕೂಗುತ್ತಾರೆ. ಬಡ ಪಾದ್ರಿಯಾದ ಬ್ರಾಂಟೆ ಹೆಣ್ಣುಮಕ್ಕಳಿಗೆ ಮಹಾ ಉಪಕಾರವೇನೂ ಮಾಡಲಿಲ್ಲ; ಮನೆಯ ಪುಸ್ತಕಗಳನ್ನೂ ವೃತ್ತಪತ್ರಿಕೆಗಳನ್ನೂ ಅವರ ಕೈಗೆ ಬಿಟ್ಟುಕೊಟ್ಟನು, ಅಷ್ಟೇ. ಅಷ್ಟನ್ನು ಮಾಡಲು ಯಾವ ಗೃಹಸ್ಥನಿಗೆ ಶಕ್ತಿಯಿಲ್ಲ?

ಆದುದರಿಂದ ಇಂಥವರ ಪುಣ್ಯತಿಥಿಯಂದು ಭಾವಚಿತ್ರಕ್ಕೆ ಹಾರ ಹಾಕಿ ಚರಮಗೀತೆ ಹಾಡುವುದು ಸಾಕು. ಅದೇ ದಿನ ಮನೆಯವರೆಲ್ಲ ಕೂಡಿ ಕುಳಿತು, ಅವರ ಗ್ರಂಥದ ಒಂದು ಅಧ್ಯಾಯವನ್ನು ಮಗಳ ಬಾಯಿಂದ ಓದಿಸಿ ಕೇಳಲಿ. ಬಳಿಕ ಆ ಮಗಳ ಅಭಿಪ್ರಾಯವನ್ನೂ ಕೇಳಲಿ.