ಮಷೀನು ಕೆಟ್ಟರೆ ಕೂಲಿಗೆ ಕತ್ತರಿಯೇ?



ಸೆಟ್ಟೂರು ಎಂಬ ಊರಿನ ಹೆಸರು ನಮ್ಮ ಲೈನುಗಳಲ್ಲಿ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಅದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ಕಲ್ಯಾಣದುರ್ಗದ ಕಡೆಗಿರುವ ಬಯಲುಸೀಮೆಯ ಊರು. ಶೇಂಗಾ ಬಿತ್ತಿ ಮುಗಿಲು ನೋಡುವ ಜನ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ನಮ್ಮ ತೋಟದ ಮಕ್ಕಳೂ ಈಗ ಕಾಫಿ ಕೊಯ್ಲು ಮುಗಿದ ಮೇಲೆ ಅದೇ ಬೆಂಗಳೂರಿಗೆ, ಅದೇ ಹೋಟೆಲು ಆಫೀಸುಗಳ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಾರೆ. ಹಾಗಾಗಿ ಆ ಕಡೆಯ ಒಬ್ಬ ತಂಗಿಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಾಳೆ ನಿಮ್ಮ ಮಗಳಿಗೂ ಆಗಬಹುದು.

ಆಕೆಗೆ ಒಂದು ದೊಡ್ಡ ಕಟ್ಟಡದಲ್ಲಿ ಜಮಖಾನೆ ತೊಳೆಯುವ ಮಷೀನು ಕೊಟ್ಟರು. ಚಕ್ರದ ಮೇಲೆ ಉರುಳಿಸಿಕೊಂಡು ಹೋಗುವ ಸಣ್ಣ ಮಷೀನು. ಕಲಿಸಿದ್ದು ಇಷ್ಟೇ: ಈ ಗುಂಡಿ ಒತ್ತು, ನೀರು ಬರುತ್ತದೆ, ಆ ಗುಂಡಿ ಒತ್ತು, ನೀರು ಎಳೆಯುತ್ತದೆ. ಹನ್ನೊಂದನೆಯ ದಿನ ಮೋಟಾರು ಕಿರುಚಿ, ಹೊಗೆ ಬಂದು ನಿಂತಿತು. ಗುತ್ತಿಗೆದಾರ ಮರುಮಾತಿಲ್ಲದೆ ಆಕೆಯ ಸಂಬಳದಲ್ಲಿ ಮೂರು ಕಂತು ಹಿಡಿದ. "ಕೆಡಿಸಿದವಳು ನೀನು, ತುಂಬುವವಳೂ ನೀನೇ" ಎಂದನಂತೆ. ಆಕೆ ಅಳುತ್ತಾ ನಮ್ಮಲ್ಲಿಗೆ ಬಂದಳು. ನಾವು ನಮ್ಮ ಬಳಗದ ಒಬ್ಬ ಮೆಕ್ಯಾನಿಕನನ್ನು ಕರೆದುಕೊಂಡು ಹೋಗಿ, ಬಾಗಿಲಲ್ಲಿ ಒಂದು ಗಂಟೆ ಕಾದು, ಆ ಮಷೀನನ್ನು ಬಿಚ್ಚಿಸಿ ನೋಡಿದೆವು.

ಒಳಗೆ ಕಂಡದ್ದನ್ನು ಹೇಳುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕು. ಅದಕ್ಕೆ ಎರಡು ತೊಟ್ಟಿ. ಒಂದರಲ್ಲಿ ಮದ್ದು ಬೆರೆಸಿದ ಒಳ್ಳೆಯ ನೀರು; ಪಂಪು ಅದನ್ನು ಸಣ್ಣ ನಾಜಲಿನಿಂದ ಜಮಖಾನೆಗೆ ಚಿಮ್ಮಿಸುತ್ತದೆ. ಗಾಳಿ ಎಳೆಯುವ ಮೋಟಾರು ಆ ನೀರನ್ನು ಕೊಳೆಯ ಸಮೇತ ಎರಡನೆಯ ತೊಟ್ಟಿಗೆ ಎಳೆದುಕೊಳ್ಳುತ್ತದೆ. ಆ ತೊಟ್ಟಿ ತುಂಬಿದಾಗ ನೀರು ಮೋಟಾರಿಗೆ ಹೋಗಬಾರದಲ್ಲ? ಅದಕ್ಕಾಗಿ ಅಲ್ಲೊಂದು ತೇಲುವ ಬುರುಡೆ ಇರುತ್ತದೆ. ನೀರು ಏರಿದಂತೆ ಅದೂ ಏರಿ ಗಾಳಿಯ ದಾರಿ ಮುಚ್ಚುತ್ತದೆ. ನಮ್ಮ ನೀರಿನ ಟ್ಯಾಂಕಿನ ಬಾಲ್‌ಕಾಕಿನ ಹಾಗೆಯೇ.

ಆಕೆಯ ಮಷೀನಿನಲ್ಲಿ ಆ ಬುರುಡೆ ಕೂದಲು, ನೂಲು, ಒಣಗಿದ ಕೆಸರಿನಲ್ಲಿ ಸಿಕ್ಕಿ ಕಲ್ಲಿನಂತೆ ಕೂತಿತ್ತು. ಹನ್ನೊಂದು ದಿನದ ಕೊಳೆಯಲ್ಲ ಅದು, ಹನ್ನೊಂದು ತಿಂಗಳದ್ದು. ಸಾಲದ್ದಕ್ಕೆ ಆ ಜಮಖಾನೆಗೆ ಹಿಂದೆ ಯಾರೋ ಷಾಂಪೂ ಹಾಕಿ ಉಜ್ಜಿ, ಪೂರ್ತಿ ತೆಗೆಯದೆ ಬಿಟ್ಟಿದ್ದರು. ನೀರು ಬಿದ್ದೊಡನೆ ನೊರೆ ಎದ್ದಿದೆ. ನೊರೆ ಹಗುರ, ಸರಿಯಿರುವ ಬುರುಡೆಯನ್ನೂ ಅದು ಎತ್ತುವುದಿಲ್ಲ, ಪಕ್ಕದಿಂದ ನುಸುಳಿ ಮೋಟಾರಿಗೆ ಹೋಗುತ್ತದೆ. ನೊರೆ ಮುರಿಯುವ ಮದ್ದು ಅಂಗಡಿಯಲ್ಲಿ ಸಿಗುತ್ತದೆ. ಒಂದು ಬಾಟಲಿಯನ್ನೂ ಆಕೆಗೆ ಕೊಟ್ಟಿರಲಿಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿನ ಪಿನ್ನನ್ನು ಯಾವನೋ ಮುರಿದು ಹಾಕಿದ್ದ. ನೀರು ತುಂಬಿದ ಮಷೀನು, ಒದ್ದೆ ಜಮಖಾನೆ, ಬರಿಗಾಲ ಹುಡುಗಿ, ಅರ್ಥ್ ಇಲ್ಲ! ಸುಟ್ಟದ್ದು ಮೋಟಾರು ಮಾತ್ರ ಎಂದು ನಾವು ಎದೆ ಹಿಡಿದುಕೊಂಡೆವು.

ಈಗ ಹೇಳಿ, ಕೆಡಿಸಿದವರು ಯಾರು?

ನಮ್ಮ ತೋಟದವರಿಗೆ ಇದು ಹೊಸ ಕಥೆಯಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಹೊಡೆದ ಪಂಪನ್ನು ಸಂಜೆ ತೊಳೆಯದೆ ಇಟ್ಟರೆ ಬೆಳಿಗ್ಗೆ ನಾಜಲು ಕಟ್ಟಿರುತ್ತದೆ. ಆದರೆ ತೊಳೆಯುವ ಆ ಅರ್ಧ ಗಂಟೆ ಯಾರ ಹಾಜರಿಯಲ್ಲಿ? ಸೀಟಿ ಊದಿದ ಮೇಲೆ, ಕೂಲಿಯಿಲ್ಲದೆ! ಬೆಂಗಳೂರಿನಲ್ಲೂ ಅದೇ ಕಥೆ. ಮಷೀನು ಓಡಿಸಿದ ಹೊತ್ತು ಕೆಲಸವಂತೆ, ಅದನ್ನು ಕಾಪಾಡಿದ ಹೊತ್ತು ಕೆಲಸವಲ್ಲವಂತೆ. ದನ ಮೇಯಿಸಿದ್ದಕ್ಕೆ ಕೂಲಿ ಕೊಟ್ಟು, ನೀರು ಕುಡಿಸಿದ್ದಕ್ಕೆ ಕೊಡುವುದಿಲ್ಲ ಎನ್ನುವ ಯಜಮಾನನನ್ನು ಹಳ್ಳಿಯಲ್ಲಿ ಯಾರಾದರೂ ಒಪ್ಪುತ್ತಾರೆಯೇ?

ಇನ್ನೊಂದು ಮಾತು. "ಇವರಿಗೆ ಮಷೀನು ಎಲ್ಲಿ ತಿಳಿಯುತ್ತದೆ" ಎಂದು ಆ ಸೂಪರ್‌ವೈಸರ್ ನಮ್ಮ ಮುಂದೆಯೇ ನಕ್ಕ. ಅವನಿಗೆ ಈ ಸಂಗತಿ ತಿಳಿದಿರಲಿಕ್ಕಿಲ್ಲ. 1901ರಲ್ಲಿ ಲಂಡನ್ನಿನ ಬೂತ್ ಎಂಬ ಎಂಜಿನಿಯರ್ ಮಾಡಿದ ಧೂಳೆಳೆಯುವ ಯಂತ್ರ ಎಷ್ಟು ದೊಡ್ಡದೆಂದರೆ ಕುದುರೆಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯೊಳಗೆ ಪೈಪು ಬಿಡುತ್ತಿದ್ದರು. ಒಬ್ಬನೇ ಎಳೆದಾಡಬಹುದಾದ ವಿದ್ಯುತ್ ಮಷೀನನ್ನು ಬಳಕೆಗೆ ತಂದವನು ಅಮೆರಿಕದ ಒಹಾಯೊದಲ್ಲಿ, ಕ್ಯಾಂಟನ್ ಪಟ್ಟಣದ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಜಮಖಾನೆ ಧೂಳಿನಿಂದ ಅವನಿಗೆ ಉಬ್ಬಸ. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಜೋಡಿಸಿ ತನಗಾಗಿ ಮಾಡಿಕೊಂಡ. 1908ರಲ್ಲಿ ಪೇಟೆಂಟ್ ಪಡೆದ. ಅದನ್ನು ಕೊಂಡ ಹೂವರ್ ಮನೆತನದ ಹೆಸರು ಲೋಕವೆಲ್ಲ ಹರಡಿತು. ಗುಡಿಸುತ್ತಿದ್ದವನ ಹೆಸರು ಎಷ್ಟು ಜನಕ್ಕೆ ಗೊತ್ತು?

ಕಾನೂನೇನೂ ಗುತ್ತಿಗೆದಾರನ ಕಡೆಗಿಲ್ಲ. ಹಾಳಾದ ವಸ್ತುವಿಗೆ ಕೂಲಿ ಹಿಡಿಯಬೇಕಾದರೆ, ನಷ್ಟ ನೇರವಾಗಿ ಆ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಅವನ ಸಮಜಾಯಿಷಿ ಕೇಳಬೇಕು, ನಷ್ಟಕ್ಕಿಂತ ಹೆಚ್ಚು ಹಿಡಿಯಬಾರದು ಎಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದ 2019ರ ವೇತನ ಸಂಹಿತೆಯಲ್ಲೂ, ಕೇಳದೆ ಹಿಡಿಯುವಂತಿಲ್ಲ. ಈ ತಂಗಿಯನ್ನು ಯಾರು ಕೇಳಿದರು?

ಆದರೆ ನಮ್ಮವರನ್ನೂ ಸುಮ್ಮನೆ ಬಿಡಲಾರೆವು. "ಕಂಪನಿಯ ಮಷೀನು, ನಮಗೇನು" ಎಂದು ಕೊಳೆ ನೀರನ್ನು ರಾತ್ರಿಯಿಡೀ ತೊಟ್ಟಿಯಲ್ಲೇ ಬಿಟ್ಟು ಬರುವವರು ನಮ್ಮಲ್ಲೂ ಇದ್ದಾರೆ. ಬೆಳಿಗ್ಗೆ ಆ ನಾತ ಕುಡಿಯುವವಳು ಮುಂದಿನ ಪಾಳಿಯ ನಮ್ಮಕ್ಕನೇ ಹೊರತು ಮಾಲೀಕನಲ್ಲ. ಕಲಿಯಿರಿ. ಕೆಲಸ ಮುಗಿದೊಡನೆ ಎರಡೂ ತೊಟ್ಟಿ ಬರಿದು ಮಾಡಿ, ತೊಳೆದು, ಮುಚ್ಚಳ ತೆರೆದಿಟ್ಟು ಒಣಗಿಸಿ. ಬರೀ ನೀರು ಹಾಕಿ ಪಂಪನ್ನು ಎರಡು ನಿಮಿಷ ಓಡಿಸಿ, ಮದ್ದು ಒಳಗೆ ಹೆಪ್ಪುಗಟ್ಟದಿರಲಿ. ಜಾಲರಿಯ ಕೂದಲು ತೆಗೆಯಿರಿ. ಬುರುಡೆಯನ್ನು ಬೆರಳಿನಿಂದ ಎತ್ತಿ ಬಿಡಿ, ತಾನಾಗಿ ಬೀಳಬೇಕು. ಎಳೆತ ಕಡಿಮೆಯಾದರೆ ಮೋಟಾರನ್ನು ದೂರುವ ಮೊದಲು ಮುಚ್ಚಳದ ರಬ್ಬರು, ಪೈಪಿನ ಬಿರುಕು ನೋಡಿ. ಹೆಚ್ಚಾಗಿ ಗಾಳಿ ಅಲ್ಲೇ ಸೋರುತ್ತಿರುತ್ತದೆ. ವಯರಿನ ಸಿಪ್ಪೆ ಎದ್ದಿದ್ದರೆ, ಅರ್ಥಿನ ಪಿನ್ನು ಇಲ್ಲದಿದ್ದರೆ ಮುಟ್ಟಲೇಬೇಡಿ, ಯಾರು ಗದರಿದರೂ ಸರಿ.

ಬೋರಿನ ಗಡಸು ನೀರು ಸೆಟ್ಟೂರಿನವರಿಗೆ ಹೇಳಿಕೊಡಬೇಕೇ? ಕಾಸಿದ ಪಾತ್ರೆಯಲ್ಲಿ ಬಿಳಿ ಹೊಪ್ಪಳಿಕೆ ಕೂರುವಂತೆ ನಾಜಲಿನಲ್ಲೂ ಕೂರುತ್ತದೆ. ನೀರು ಬೆರೆಸಿದ ವಿನಿಗರಿನಲ್ಲಿ ನಾಜಲನ್ನು ನೆನೆಹಾಕಿದರೆ ಬಿಡುತ್ತದೆ. ಸೂಜಿ ಚುಚ್ಚಿದರೆ ತೂತು ದೊಡ್ಡದಾಗಿ ನೀರು ಕವಲೊಡೆಯುತ್ತದೆ. ಆ ವಿನಿಗರನ್ನು ಬ್ಲೀಚಿಂಗ್ ನೀರಿನೊಡನೆ ಮಾತ್ರ ಎಂದೂ ಸೇರಿಸಬೇಡಿ. ಏಳುವ ಕ್ಲೋರಿನ್ ಗಾಳಿ ಶ್ವಾಸಕೋಶ ಸುಡುತ್ತದೆ. ತುಂಬಿದ ಮಷೀನನ್ನು ಮೆಟ್ಟಿಲು ಹತ್ತಿಸಲೂ ಬೇಡಿ. ನಲವತ್ತು ಲೀಟರು ನೀರೆಂದರೆ ನಲವತ್ತು ಕಿಲೋ ಭಾರ.

ಇದೆಲ್ಲ ನಮ್ಮ ಕೈಯ ಕೆಲಸ. ಮೋಟಾರಿನ ಕಾರ್ಬನ್ ಬ್ರಷ್ಷು ಸವೆದರೆ ಹಾಕಿಸುವುದು, ಬಿಡಿಭಾಗ, ನೊರೆಮದ್ದು, ಕಲಿಸುವ ಹೊತ್ತು, ತೊಳೆಯುವ ಹೊತ್ತಿನ ಕೂಲಿ, ಇವು ಅವರ ಕೈಯ ಕೆಲಸ. ಎರಡನ್ನೂ ಒಂದೇ ಹೆಗಲ ಮೇಲೆ ಹೊರಿಸಲು ನಾವು ಬಿಡುವುದಿಲ್ಲ. ಮಷೀನು ಕೈಗೆ ಬಂದ ಮೊದಲ ದಿನವೇ ಅದರ ಸ್ಥಿತಿ ಬರೆದು, ತಾರೀಖು ಹಾಕಿ, ಸಹಿ ಕೇಳಿ. ಸಹಿ ಕೊಡದಿದ್ದರೆ ಜೊತೆಯವರಿಬ್ಬರ ಹೆಸರನ್ನಾದರೂ ಬರೆದಿಟ್ಟುಕೊಳ್ಳಿ.

ನಾವು ಗುತ್ತಿಗೆದಾರನಿಗೆ ಬರೆದ ಕಾಗದದಲ್ಲಿ ಒಂದೇ ಪ್ರಶ್ನೆ ಕೇಳಿದ್ದೆವು: ಈ ಮಷೀನನ್ನು ಕೊನೆಯ ಸಲ ಸರ್ವೀಸ್ ಮಾಡಿಸಿದ ಪುಸ್ತಕ ತೋರಿಸಿ. ಪುಸ್ತಕವೇ ಇರಲಿಲ್ಲ. ಹದಿನೈದು ದಿನ ಬಿಟ್ಟು ಎರಡು ಕಂತು ವಾಪಸು ಬಂತು. ಮೂರನೆಯದಕ್ಕೆ ಮತ್ತೆ ಕಾಗದ ಬರೆದಿದ್ದೇವೆ. ಈ ಸಲ ಕೆಳಗೆ ಆ ಕಟ್ಟಡದಲ್ಲಿ ದುಡಿಯುವ ಹದಿನಾಲ್ಕು ಮಂದಿಯ ಸಹಿ ಇದೆ.