ಪ್ರಿಮ್‌ರೋಸ್ ವ್ಯಾಮೋಹ ಮತ್ತು ನಮ್ಮ ಕನಕಾಂಬರ



ಅಮೃತೂರಿನ ಮನೆಯಂಗಳದಲ್ಲಿ ಪ್ರಿಮ್‌ರೋಸ್ ಬೆಳೆಸುವುದು ಹೇಗೆಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಬೆಳೆಸಬೇಡಿ ಎಂಬುದೇ ನನ್ನ ಉತ್ತರ. ಕಾರಣಗಳನ್ನೂ ಹೇಳುವೆ.

ಅದು ಚಳಿನಾಡಿನ ಸಸ್ಯ. ಯುರೋಪಿನಲ್ಲಿ ಚಳಿಗಾಲ ಮುಗಿಯುತ್ತಿದ್ದಂತೆ ಅರಳುವುದರಿಂದ ‘ಮೊದಲ ಗುಲಾಬಿ’ ಎಂಬರ್ಥದ ಲ್ಯಾಟಿನ್ ಹೆಸರು ಬಂದಿದೆ. ಗುಲಾಬಿಗೂ ಅದಕ್ಕೂ ನಂಟಿಲ್ಲ. ಅದರ ದಾಯಾದಿಗಳು ನಮ್ಮ ಹಿಮಾಲಯದಲ್ಲಿಯೂ ಇವೆ. ಬೀಜ ಮೊಳೆಯಲು 15ರಿಂದ 20 ಡಿಗ್ರಿ ಸೆಲ್ಸಿಯಸ್‌ನ ತಂಪು, ಬೇರಿಗೆ ಸದಾ ತೇವ, ಮೇಲೆ ಮರದ ನೆರಳು ಬೇಕು. ತನ್ನ ನಾಡಿನಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. ಹೂ ಮುಗಿದ ಮೇಲೆ ಬುಡ ಬಿಡಿಸಿ ನೆರೆಯವರಿಗೂ ಹಂಚುತ್ತಾರೆ. ನಮ್ಮ ಬಯಲುಸೀಮೆಯಲ್ಲಾದರೋ ಏಪ್ರಿಲ್ ಬಿಸಿಲಿಗೆ ಕಮರಿಹೋಗುತ್ತದೆ. ಕೊಳವೆಬಾವಿಯ ನೀರೆರೆದು ಎರಡು ತಿಂಗಳು ಸಾಕಿ, ಬಳಿಕ ತಿಪ್ಪೆಗೆಸೆದು, ಮರುವರ್ಷ ಮತ್ತೆ ಕುಂಡ ಕೊಳ್ಳುವುದು ತೋಟಗಾರಿಕೆಯಲ್ಲ, ಬರಿಯ ಖರೀದಿ. ಸಾಲದ್ದಕ್ಕೆ, ಚೀನಾ ಮೂಲದ ಪ್ರಿಮುಲಾ ಒಬ್‌ಕೋನಿಕಾದ ಹಳೆಯ ತಳಿಗಳ ರೋಮಗಳಲ್ಲಿರುವ ಪ್ರಿಮಿನ್ ಎಂಬ ವಸ್ತು ಕೆಲವರ ಚರ್ಮಕ್ಕೆ ತುರಿಕೆ, ಬೊಕ್ಕೆ ತರುತ್ತದೆ.

“ಮೇಷ್ಟ್ರಿಗೆ ಪರದೇಶದ ಹೂವೆಂದರೆ ಆಗದು” ಎಂದು ನಗಬೇಡಿ. ನಮ್ಮ ಮೆಣಸಿನಕಾಯಿಯೂ ದಸರೆಯ ಚೆಂಡುಹೂವೂ ಅಮೆರಿಕದಿಂದಲೇ ಬಂದವು. ಇಲ್ಲಿನ ಮಣ್ಣಿಗೆ ಹೊಂದಿ, ಬೀಜ ಕಟ್ಟಿ, ನಮ್ಮವೇ ಆದವು. ಹುಟ್ಟಿದ ಊರಲ್ಲ, ಬಾಳುವ ಯೋಗ್ಯತೆಯೇ ನನ್ನ ಒರೆಗಲ್ಲು.

ಆ ಒರೆಗಲ್ಲಿಗೆ ಕನಕಾಂಬರವನ್ನು ಉಜ್ಜಿ ನೋಡಿ. ಭಾರತ, ಶ್ರೀಲಂಕಾಗಳೇ ಅದರ ತವರು. ಅರೆನೆರಳು, ನೀರು ನಿಲ್ಲದ ಮಣ್ಣು, ಕೊಟ್ಟಿಗೆ ಗೊಬ್ಬರ ಇಷ್ಟಿದ್ದರೆ ವರ್ಷದ ಬಹುಭಾಗ ಹೂ ಕೊಡುತ್ತದೆ. ಹೂ ಮುಗಿದ ತೆನೆಗಳನ್ನು ಕತ್ತರಿಸಿದರೆ ಹೊಸ ತೆನೆ ಬರುತ್ತದೆ. ಬೇರುಗಂಟು ಹುಳುವಿನ ಕಾಟಕ್ಕೆ ಬೇವಿನ ಹಿಂಡಿ ಹಾಕಿ, ಸಾಲಿನ ನಡುವೆ ಚೆಂಡುಹೂ ನೆಡಿ. ಒಣಗಿದ ಕಾಯಿಗೆ ನೀರು ತಾಕಿದೊಡನೆ ಸಿಡಿದು ಬೀಜ ಚಿಮ್ಮುವುದನ್ನು ಮಕ್ಕಳಿಗೆ ತೋರಿಸಿ. ಬೀಜಪ್ರಸಾರದ ಪಾಠಕ್ಕೆ ಬೇರೆ ಪುಸ್ತಕ ಬೇಡ. ದೆಹಲಿ ಕನಕಾಂಬರವಾದರೆ ಬೀಜ ಕಟ್ಟದು. ಕಡ್ಡಿ ನೆಟ್ಟು ಬೆಳೆಸಬೇಕು.

ಇಂಗ್ಲೆಂಡಿನಲ್ಲಿ ನೆಲೆಸಿರುವ ಶಿಷ್ಯರು ಅಗತ್ಯವಾಗಿ ಪ್ರಿಮ್‌ರೋಸ್ ಬೆಳೆಸಲಿ. ಅಲ್ಲಿ ಅದೇ ಧರ್ಮ. ಊರಿನಲ್ಲಿರುವವರು ಈ ಮಳೆಗಾಲದಲ್ಲಿ ನಾಲ್ಕು ಕನಕಾಂಬರದ ಸಸಿ ನೆಡಿ. ಮೊದಲ ಮಾಲೆ ಕಟ್ಟಿದಾಗ ನನಗೂ ತಿಳಿಸಿ.